ಡಾಕ್ಸಿಸೈಕ್ಲಿನ್ ಕೊಟ್ಟರಷ್ಟೇ ಸಾಲದು, ನುಂಗುವ ಬಗೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ಕರಾವಳಿ ಮತ್ತು ಮಲೆನಾಡಿನ ಆಸ್ಪತ್ರೆಗಳಲ್ಲಿ ಜ್ವರದವರ ಸಾಲು ಬೆಳೆಯುತ್ತದೆ. ಅವರಲ್ಲಿ ಹಲವರ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನ ಹೆಸರು ಇರುತ್ತದೆ. ಇಲಿ ಜ್ವರಕ್ಕೂ ಅದೇ, ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ಅದೇ. ಚರಂಡಿ ಶುಚಿ ಮಾಡುವವರಿಗೆ, ನೆರೆ ನೀರಿಗೆ ಇಳಿದವರಿಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ ಕೊಡುವುದೂ ಅದನ್ನೇ. 1967ರಿಂದ ಬಳಕೆಯಲ್ಲಿರುವ, ಬಡವರ ಕೈಗೆಟಕುವ, ಸರಿಯಾದ ಹೊತ್ತಿಗೆ ಸಿಕ್ಕರೆ ಜೀವ ಉಳಿಸುವ ಮದ್ದು. ಆದರೆ ಚೀಟಿಯಲ್ಲಿ ‘100 ಮಿ.ಗ್ರಾಂ., 1–0–1, 7 ದಿನ’ ಎಂದಷ್ಟೇ ಇರುತ್ತದೆ. ಎಷ್ಟು ನೀರಿನ ಜೊತೆ ನುಂಗಬೇಕು, ನುಂಗಿದ ಮೇಲೆ ಏನು ಮಾಡಬಾರದು, ಯಾವ ಮಾತ್ರೆಯ ಜೊತೆ ಸೇರಿಸಬಾರದು, ಬಿಸಿಲಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ, ಹೇಳಲು ಹೊತ್ತೂ ಇರುವುದಿಲ್ಲ. ಈ ಮದ್ದಿನಲ್ಲಿ ಆ ವಿವರ ತಪ್ಪಿದರೆ ಒಂದೋ ರೋಗಿಯ ಅನ್ನನಾಳ ಹುಣ್ಣಾಗುತ್ತದೆ, ಇಲ್ಲವೇ ಮದ್ದು ರಕ್ತಕ್ಕೆ ಸೇರುವುದೇ ಇಲ್ಲ. ಅದಕ್ಕಾಗಿ ತಮ್ಮ ಪತ್ರಿಕೆಯ ಓದುಗರಿಗೆ ಈ ಪತ್ರ.

ಮೊದಲು ನೀರಿನ ಮಾತು. ಡಾಕ್ಸಿಸೈಕ್ಲಿನ್ ಹೈಕ್ಲೇಟ್ ಎಂಬ ಲವಣರೂಪದಲ್ಲಿ ಸಿಗುವ ಮಾತ್ರೆ, ಕ್ಯಾಪ್ಸೂಲ್‌ಗಳು ಒದ್ದೆಯಾಗಿ ಕರಗಿದಾಗ ತೀರಾ ಆಮ್ಲೀಯವಾಗುತ್ತವೆ. ಪಿಎಚ್ 2ರಿಂದ 3ರ ಆಸುಪಾಸಿಗೆ ಇಳಿಯುತ್ತದೆ. ಹೊಟ್ಟೆಗೆ ಇದನ್ನು ತಡೆಯುವ ಶಕ್ತಿಯಿದೆ, ಅನ್ನನಾಳಕ್ಕೆ ಇಲ್ಲ. ಗುಟುಕು ನೀರಿನಲ್ಲಿ ನುಂಗಿದ ಕ್ಯಾಪ್ಸೂಲ್ ಹೊಟ್ಟೆ ತಲುಪಿತೆಂದು ನಾವು ತಿಳಿಯುತ್ತೇವೆ. ಆದರೆ ಅದರ ಜೆಲಾಟಿನ್ ಕವಚ ಒದ್ದೆಯಾದೊಡನೆ ಅಂಟಂಟಾಗಿ, ಎದೆಯ ನಡುಭಾಗದಲ್ಲಿ, ಹೃದಯದಿಂದ ಹೊರಟ ಮಹಾಪಧಮನಿ ಅನ್ನನಾಳವನ್ನು ಒತ್ತಿಕೊಂಡು ಹಾಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಕರಗುತ್ತದೆ, ಅಲ್ಲೇ ಸುಡುತ್ತದೆ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಎದೆಮೂಳೆಯ ಹಿಂದೆ ಉರಿ, ಚುಚ್ಚುವ ನೋವು ಶುರುವಾಗುತ್ತದೆ. ಅನ್ನ ಇರಲಿ, ಎಂಜಲು ನುಂಗಿದರೂ ನೋವು. ಹೃದಯಾಘಾತವೆಂದು ಹೆದರಿ ಇಸಿಜಿ ಮಾಡಿಸಲು ಓಡುವವರಿದ್ದಾರೆ. ಗ್ಯಾಸ್ಟ್ರಿಕ್ ಎಂದುಕೊಂಡು ಅದೇ ಮಾತ್ರೆಯನ್ನು ಅದೇ ರೀತಿ ನುಂಗುತ್ತಾ ಹುಣ್ಣನ್ನು ದೊಡ್ಡದು ಮಾಡಿಕೊಳ್ಳುವವರು ಅವರಿಗಿಂತ ಹೆಚ್ಚು.

ತಪ್ಪಿಸುವುದು ಕಷ್ಟವೇನಲ್ಲ. ಊಟ ಅಥವಾ ತಿಂಡಿ ಆದ ಮೇಲೆ, ನಿಂತು ಇಲ್ಲವೇ ಬೆನ್ನು ನೇರ ಮಾಡಿ ಕುಳಿತು, ಮೊದಲು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳಿ. ಆಮೇಲೆ ಮಾತ್ರೆ ಬಾಯಿಗಿಟ್ಟು ಒಂದು ದೊಡ್ಡ ಲೋಟ ನೀರನ್ನು, ಅಂದರೆ ಸುಮಾರು 200 ಮಿ.ಲೀ.ಯನ್ನು, ಪೂರ್ತಿ ಕುಡಿಯಿರಿ. ಎರಡು ಮಾತ್ರೆ ನುಂಗಬೇಕಿದ್ದರೆ ಒಂದೊಂದಾಗಿ, ಪ್ರತಿಯೊಂದಕ್ಕೂ ಬೇರೆ ಬೇರೆ ನೀರು. ನುಂಗಿದ ಮೇಲೆ ಕನಿಷ್ಠ ಅರ್ಧ ಗಂಟೆ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು, ಮಲಗಬಾರದು. ಗೋಡೆಗೆ ಒರಗಿ ಕೂರಬಹುದು, ಮನೆಯೊಳಗೆ ಓಡಾಡಬಹುದು. ಮಾತ್ರೆಯನ್ನು ಬಾಯಲ್ಲಿ ಚೀಪಬಾರದು. ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ನಾಲಿಗೆ ಮೇಲೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಹೆಚ್ಚಿನ ಅನಾಹುತ ಆಗುವುದು ರಾತ್ರಿಯ ಮಾತ್ರೆಯಲ್ಲಿ. ಜ್ವರದಲ್ಲಿ ಸುಸ್ತಾದವರು ಹಾಸಿಗೆ ಬಿಚ್ಚಿ, ದೀಪ ಆರಿಸುವ ಮುಂಚೆ ನೆನಪಾಗಿ, ಪಕ್ಕದ ಚೊಂಬಿನಿಂದ ಎರಡು ಗುಟುಕು ನೀರು ಕುಡಿದು ಮಲಗಿಬಿಡುತ್ತಾರೆ. ಮಲಗಿದಾಗ ಎಂಜಲು ಕಡಿಮೆ ಇಳಿಯುತ್ತದೆ, ಅನ್ನನಾಳದ ಚಲನೆಯೂ ನಿಧಾನ. ‘12 ಗಂಟೆಗೊಮ್ಮೆ’ ಎಂದಿದೆಯೆಂದು ಬೆಳಿಗ್ಗೆ ಹತ್ತಕ್ಕೆ, ರಾತ್ರಿ ಹತ್ತಕ್ಕೆ ಗಡಿಯಾರ ನೋಡಿ ನುಂಗಬೇಕಾಗಿಲ್ಲ. ಈ ಮದ್ದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು 16ರಿಂದ 22 ಗಂಟೆ ಬೇಕು. ಬೆಳಿಗ್ಗೆ ತಿಂಡಿಯಾದ ಮೇಲೆ ಎಂಟಕ್ಕೆ, ರಾತ್ರಿ ಊಟ ಸ್ವಲ್ಪ ಬೇಗ ಮುಗಿಸಿ ಏಳೂವರೆಗೆ ನುಂಗಿದರೆ ಪರಿಣಾಮದಲ್ಲಿ ಏನೂ ಕೊರತೆಯಾಗದು. ಹಾಸಿಗೆ ಹಿಡಿದ ವಯಸ್ಸಾದವರಿಗೆ, ಪಾರ್ಶ್ವವಾಯುವಾಗಿ ನುಂಗಲು ತೊಂದರೆ ಇರುವವರಿಗೆ ಮನೆಯವರೇ ಎಬ್ಬಿಸಿ ಕೂರಿಸಿ ಕೊಡಬೇಕು. ಅದು ಆಗದು ಎಂದಾದರೆ ವೈದ್ಯರಿಗೆ ತಿಳಿಸಿ, ಬೇರೆ ದಾರಿ ಇರುತ್ತದೆ. ನುಂಗುವಾಗ ಎದೆಯಲ್ಲಿ ನೋವು ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಅಥವಾ ಹೋಗಿ ಕೇಳಿ. ಮದ್ದು ಬದಲಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹುಣ್ಣು ಮಾಯುತ್ತದೆ. ಆದರೆ ಎದೆನೋವಿನ ಜೊತೆ ಬೆವರು, ಉಸಿರಾಟದ ತೊಂದರೆ, ಎಡಗೈಗೆ ಹರಿಯುವ ನೋವು ಇದ್ದರೆ ಇದು ಮಾತ್ರೆಯ ಹುಣ್ಣೆಂದು ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಎರಡನೆಯದು, ಜೊತೆಗೆ ಏನು ಸೇರಬಾರದು ಎಂಬುದು. ಡಾಕ್ಸಿಸೈಕ್ಲಿನ್ ಸೇರಿದಂತೆ ಟೆಟ್ರಾಸೈಕ್ಲಿನ್ ವಂಶದ ಎಲ್ಲ ಮದ್ದುಗಳಿಗೂ ಒಂದು ಗುಣವಿದೆ. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಶಿಯಂ, ಅಲ್ಯೂಮಿನಿಯಂ, ಸತು ಇವುಗಳಲ್ಲಿ ಯಾವುದು ಹೊಟ್ಟೆಯಲ್ಲಿ ಸಿಕ್ಕರೂ ಅದಕ್ಕೆ ಕಚ್ಚಿಕೊಂಡು, ಕರುಳು ಹೀರಿಕೊಳ್ಳಲಾಗದ ಗಟ್ಟಿ ಜೋಡಿಯಾಗುತ್ತವೆ. ಜೋಡಿಯಾದದ್ದು ಹಾಗೇ ಹೊರಹೋಗುತ್ತದೆ. ಇಲ್ಲಿ ಒಂದು ಕೆಟ್ಟ ಸುತ್ತು ನಡೆಯುವುದನ್ನು ಗಮನಿಸಬೇಕು. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ವಾಕರಿಕೆ, ಹೊಟ್ಟೆಯುರಿ ಬರುತ್ತದೆ. ಅದಕ್ಕೆ ಮನೆಯಲ್ಲಿರುವ ಆ್ಯಂಟಾಸಿಡ್ ಸಿರಪ್ ಎರಡು ಚಮಚ ಕುಡಿಯುತ್ತಾರೆ. ಸಿರಪ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಶಿಯಂ ಮದ್ದನ್ನು ಕಟ್ಟಿಹಾಕುತ್ತವೆ. ಜ್ವರ ಇಳಿಯುವುದಿಲ್ಲ. ಮೂರನೆಯ ದಿನ ‘ಮದ್ದು ನಾಟಲಿಲ್ಲ’ ಎಂದು ಇನ್ನೂ ಬಲವಾದ, ಇನ್ನೂ ದುಬಾರಿಯಾದ ಇಂಜೆಕ್ಷನ್ ಶುರುವಾಗುತ್ತದೆ. ಹೊಟ್ಟೆಯುರಿ ತಪ್ಪಿಸಲು ಸರಿಯಾದ ಉಪಾಯ ಊಟದ ನಂತರ ನುಂಗುವುದು. ಆ್ಯಂಟಾಸಿಡ್ ಬೇಕೇಬೇಕೆಂದರೆ ಡಾಕ್ಸಿಸೈಕ್ಲಿನ್ ನುಂಗಿ ಕನಿಷ್ಠ ಎರಡು ಗಂಟೆ ಕಳೆಯಲಿ. ಅಲ್ಸರ್‌ಗೆ ಕೊಡುವ ಸುಕ್ರಾಲ್ಫೇಟ್‌ನಲ್ಲೂ ಅಲ್ಯೂಮಿನಿಯಂ ಇದೆ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಗಳು ಹೀಗೆ ಕಚ್ಚಿಕೊಳ್ಳುವುದಿಲ್ಲ.

ಕಬ್ಬಿಣದ ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮ. ಹೀರಿಕೊಂಡ ಡಾಕ್ಸಿಸೈಕ್ಲಿನ್‌ನಲ್ಲಿ ಒಂದು ಪಾಲು ಪಿತ್ತದ ಮೂಲಕ ಮತ್ತೆ ಕರುಳಿಗೆ ಬಂದು, ಮತ್ತೆ ಹೀರಲ್ಪಡುತ್ತದೆ. ಕರುಳಿನಲ್ಲಿ ಕಬ್ಬಿಣ ಇದ್ದರೆ ಆ ಎರಡನೇ ಸುತ್ತಿನಲ್ಲೂ ಹಿಡಿದುಕೊಳ್ಳುತ್ತದೆ. ಹಾಗಾಗಿ ಎರಡು ಮೂರು ಗಂಟೆ ಅಂತರ ಬಿಟ್ಟರೂ ಪೂರ್ತಿ ಪಾರಾಗುವುದಿಲ್ಲ. ರಕ್ತಹೀನತೆಗೆ ಕಬ್ಬಿಣ ನುಂಗುತ್ತಿರುವವರು ಏಳು ದಿನದ ಡಾಕ್ಸಿಸೈಕ್ಲಿನ್ ಮುಗಿಯುವವರೆಗೆ ಅದನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳುವುದು ಸುಲಭದ ದಾರಿ. ಏಳು ದಿನ ಕಬ್ಬಿಣ ತಪ್ಪಿದರೆ ರಕ್ತಹೀನತೆ ಹೆಚ್ಚುವುದಿಲ್ಲ, ಏಳು ದಿನ ಆ್ಯಂಟಿಬಯಾಟಿಕ್ ಸೋತರೆ ಜೀವಕ್ಕೆ ಕುತ್ತು. ಮೂಳೆ ಸವೆತಕ್ಕೆಂದು ಕ್ಯಾಲ್ಸಿಯಂ ಮಾತ್ರೆ ನುಂಗುವ ಹಿರಿಯರಿಗೂ, ಸತು ಸೇರಿದ ಮಲ್ಟಿವಿಟಮಿನ್ ನುಂಗುವವರಿಗೂ ಇದೇ ಮಾತು. ಜ್ವರದ ಚೀಟಿಯಲ್ಲಿ ಆ್ಯಂಟಿಬಯಾಟಿಕ್ ಜೊತೆ ‘ಶಕ್ತಿಗೆ’ ಎಂದು ಮಲ್ಟಿವಿಟಮಿನ್ ಬರೆಸಿಕೊಳ್ಳುವ ರೂಢಿ ನಮ್ಮಲ್ಲಿ ಬೇರೂರಿದೆ. ಡಾಕ್ಸಿಸೈಕ್ಲಿನ್ ಜೊತೆಗಾದರೂ ಅದನ್ನು ಬಿಡಬೇಕು.

ಹಾಲು, ಮೊಸರಿನ ಬಗ್ಗೆ ಕೇಳುವವರು ಹೆಚ್ಚು. ಹಳೆಯ ಟೆಟ್ರಾಸೈಕ್ಲಿನ್‌ಗೆ ಹಾಲು ದೊಡ್ಡ ಶತ್ರುವಾಗಿತ್ತು. ಡಾಕ್ಸಿಸೈಕ್ಲಿನ್‌ಗೆ ಅಷ್ಟಿಲ್ಲ. ಊಟದ ಜೊತೆ, ಹಾಲಿನ ಜೊತೆ ನುಂಗಿದರೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಬಹುದು. ಹಾಗಾಗಿ ಪಥ್ಯವೇನೂ ಬೇಡ, ಮೊಸರನ್ನ ಉಣ್ಣಬಹುದು, ರಾಗಿ ಗಂಜಿ ಕುಡಿಯಬಹುದು. ಮಾತ್ರೆಯನ್ನು ಮಾತ್ರ ನೀರಿನಲ್ಲೇ ನುಂಗಿ. ಹಾಲಿನ ಲೋಟ, ರಾಗಿ ಮಾಲ್ಟ್ ಒಂದೆರಡು ಗಂಟೆ ಆಚೀಚೆ ಇರಲಿ. ಬಿಸಿ ಕಾಫಿಯಲ್ಲಿ ನುಂಗುವ ಅಭ್ಯಾಸವಿದ್ದರೆ ಅದೂ ಬೇಡ. ಬಿಸಿಗೆ ಜೆಲಾಟಿನ್ ಕವಚ ಬಾಯಲ್ಲೇ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ಈ ಮದ್ದು ಚರ್ಮದಲ್ಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಸುಟ್ಟಂತೆ ಕೆಂಪಾಗುತ್ತದೆ. ಮೂಗಿನ ತುದಿ, ಕಿವಿ, ಕತ್ತಿನ ಹಿಂಭಾಗ, ಮುಂಗೈ ಮೊದಲು. ಮೋಡ ಕವಿದ ದಿನವೂ ಈ ಕಿರಣ ಇಳಿದು ಬರುತ್ತದೆ. ಕೆಲವರಿಗೆ ಉಗುರಿನ ಕೆಳಗೆ ನೋವು ಬಂದು ಉಗುರು ತುದಿಯಿಂದ ಬಿಡಿಸಿಕೊಳ್ಳುವುದೂ ಉಂಟು. ಗದ್ದೆ, ತೋಟ, ದೋಣಿಯಲ್ಲಿ ದುಡಿಯುವವರಿಗೆ ‘ಬಿಸಿಲಿಗೆ ಹೋಗಬೇಡಿ’ ಎನ್ನುವುದರಲ್ಲಿ ಅರ್ಥವಿಲ್ಲ. ತುಂಬುತೋಳಿನ ಅಂಗಿ, ಮುಟ್ಟಾಳೆ ಅಥವಾ ಅಗಲ ಅಂಚಿನ ಟೋಪಿ, ಕತ್ತಿಗೊಂದು ಟವೆಲ್ ಸಾಕು. ಚರ್ಮ ಕೆಂಪಾದರೆ ನೆರಳಿಗೆ ಬಂದು ವೈದ್ಯರಿಗೆ ತಿಳಿಸಿ.

ಇನ್ನು ಯಾವ ಜ್ವರಕ್ಕೆ ಇದು, ಯಾವುದಕ್ಕಲ್ಲ ಎಂಬುದು. ಪತ್ರದ ತೂಕ ಇರುವುದು ಇಲ್ಲಿಯೇ.

ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ದನಕರುಗಳ ಮೂತ್ರದಿಂದ ಕೆಸರಿಗೆ, ನೀರಿಗೆ ಸೇರಿ, ಕಾಲಿನ ಬಿರುಕು, ಗಾಯದ ಮೂಲಕ ಮೈಯೊಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮುಟ್ಟಿದರೂ ನೋಯುವ ಮೀನಖಂಡ, ಕೆಂಪೇರಿದ ಕಣ್ಣು. ಈ ಹಂತದಲ್ಲಿ ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡರಂತೆ 7 ದಿನ ಕೊಡುವುದು ರೂಢಿ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಉಸಿರು ಮೇಲಾದರೆ ಮಾತ್ರೆಯ ಹಂತ ದಾಟಿತೆಂದು ಲೆಕ್ಕ. ಆಗ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಆಸ್ಪತ್ರೆಯ ಹಾಸಿಗೆ ಬೇಕು. ಮನೆಯಲ್ಲಿ ಸ್ಟ್ರಿಪ್ ಇದೆಯೆಂದು ಕೂರಬಾರದು.

ಸ್ಕ್ರಬ್ ಟೈಫಸ್ ಬರುವುದು ಪೊದೆ, ಹುಲ್ಲು, ತರಗೆಲೆಯಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕೆಲವು ದಿನದ ಮೇಲೆ ಆ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಉಂಗುರ. ನೋವಿಲ್ಲ, ತುರಿಕೆಯಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ ಹೀಗೆ ಬಟ್ಟೆ ತೆಗೆದು ಹುಡುಕಿದರೆ ಮಾತ್ರ ಕಾಣುವಲ್ಲಿ ಇರುತ್ತದೆ. ಎಲ್ಲರಲ್ಲೂ ಕಾಣುವುದಿಲ್ಲ, ಕಂಡರೆ ರೋಗ ಬಹುತೇಕ ಖಚಿತ. ಮನೆಯವರೇ ಹುಡುಕಿ, ಕಂಡದ್ದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತೋರಿಸಿದರೆ ಎಷ್ಟೋ ಪರೀಕ್ಷೆ ಉಳಿಯುತ್ತದೆ. ಈ ರೋಗಾಣು ನಮ್ಮ ಜೀವಕೋಶದ ಒಳಗೇ ವಾಸಿಸುತ್ತದೆ. ಪೆನಿಸಿಲಿನ್, ಸೆಫಲೋಸ್ಪೋರಿನ್ ವರ್ಗದ ಇಂಜೆಕ್ಷನ್‌ಗಳು ಎಷ್ಟು ದುಬಾರಿಯಾದರೂ ಇದನ್ನು ಮುಟ್ಟುವುದಿಲ್ಲ. ಡಾಕ್ಸಿಸೈಕ್ಲಿನ್ ಜೀವಕೋಶದೊಳಕ್ಕೆ ಹೋಗಿ, ರೋಗಾಣು ಪ್ರೋಟೀನ್ ಕಟ್ಟುವುದನ್ನು ತಡೆಯುತ್ತದೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಬಹುಪಾಲು ಮಂದಿಗೆ 48 ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ರೋಗ ತೀವ್ರವಾದಾಗ ಮಾತ್ರೆ ಸಾಲದು. ಭಾರತದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಟ್ಟದ್ದು, ಯಾವುದೋ ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಫಲ ನೀಡಿತು.

ಈ ಎರಡೂ ರೋಗಗಳಲ್ಲಿ ರಕ್ತ ಪರೀಕ್ಷೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸಾಮಾನ್ಯವಾಗಿ ಮಾಡುವ ಐಜಿಎಂ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಅದು ತಯಾರಾಗಲು ಜ್ವರ ಶುರುವಾಗಿ ಸುಮಾರು ಐದರಿಂದ ಏಳು ದಿನ ಬೇಕು. ಎರಡನೇ ದಿನ ಮಾಡಿಸಿದ ಪರೀಕ್ಷೆ ‘ನೆಗೆಟಿವ್’ ಬಂದರೆ ರೋಗವಿಲ್ಲ ಎಂದಲ್ಲ. ಆದ್ದರಿಂದಲೇ ಲಕ್ಷಣ, ಕೆಲಸ, ಊರು ನೋಡಿ ಅನುಮಾನ ಬಂದ ವೈದ್ಯರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ‘ರಿಪೋರ್ಟ್‌ನಲ್ಲಿ ಏನೂ ಇಲ್ಲವಲ್ಲ’ ಎಂದು ರೋಗಿ ತಾನೇ ಮಾತ್ರೆ ನಿಲ್ಲಿಸುವುದು ಅಪಾಯ.

ಆದರೆ ಇದರ ಮತ್ತೊಂದು ಮುಖವೂ ಇದೆ. ಡೆಂಗಿ, ಚಿಕೂನ್‌ಗುನ್ಯಾ, ಫ್ಲೂ ಎಲ್ಲವೂ ವೈರಸ್. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯೂ ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಗೆ ಡಾಕ್ಸಿಸೈಕ್ಲಿನ್‌ನಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಉಣುಗು ಕಚ್ಚಿತೆಂದು ಮೆಡಿಕಲ್ ಶಾಪ್‌ನಿಂದ ನಾಲ್ಕು ಕ್ಯಾಪ್ಸೂಲ್ ತಂದು ನುಂಗಿ ಮನೆಯಲ್ಲಿ ಮಲಗಿದರೆ, ರಕ್ತಸ್ರಾವದ ಲಕ್ಷಣ ಹುಡುಕಬೇಕಾದ, ಪ್ಲೇಟ್‌ಲೆಟ್ ನೋಡಬೇಕಾದ ಬೆಲೆಬಾಳುವ ದಿನಗಳು ಕಳೆದುಹೋಗುತ್ತವೆ. ಹಾಗೆಂದು ಕಾಡಿಗೆ ಹೋಗಿಬಂದವರಿಗೆ ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತ ಕಳುಹಿಸಿ, ಜೊತೆಗೇ ಡಾಕ್ಸಿಸೈಕ್ಲಿನ್ ಶುರು ಮಾಡಿದ ವೈದ್ಯರು ತಪ್ಪು ಮಾಡಿದರೆಂದಲ್ಲ. ಅದೇ ಕಾಡಿನಲ್ಲಿ ಸ್ಕ್ರಬ್ ಟೈಫಸ್ ಕೂಡ ಸಿಗುತ್ತದೆ. ಆ ತೂಗುವ ಕೆಲಸ ವೈದ್ಯರದ್ದು. ಜ್ವರದ ಮೊದಲ ದಿನಗಳಲ್ಲಿ ಮನೆಯಲ್ಲಿ ಕೊಡಬಹುದಾದದ್ದು ಪ್ಯಾರಾಸಿಟಮಾಲ್, ನೀರು, ಗಂಜಿ ಅಷ್ಟೇ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಡಾಕ್ಸಿಸೈಕ್ಲಿನ್ ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಇಲಿ ಜ್ವರದ ಕೆಲವರಿಗೆ ಚಳಿ ನಡುಕ ಬಂದು ಜ್ವರ ಇನ್ನೂ ಏರುತ್ತದೆ. ಸಾಯುತ್ತಿರುವ ರೋಗಾಣುಗಳಿಂದ ಹೊರಬಿದ್ದ ವಸ್ತುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ‘ಮಾತ್ರೆ ಆಗಿಬರಲಿಲ್ಲ’ ಎಂದು ಎಸೆಯುವ ಮೊದಲು ಆಸ್ಪತ್ರೆಗೆ ಹೋಗಿ ತೋರಿಸಿ. ಮೈಮೇಲೆ ದದ್ದು, ತುಟಿ ಅಥವಾ ಮುಖ ಊತ, ಉಸಿರುಕಟ್ಟುವಿಕೆ ಬಂದರೆ ಮಾತ್ರ ಅದು ಅಲರ್ಜಿ. ಆಗ ಮಾತ್ರೆ ನಿಲ್ಲಿಸಿ ತುರ್ತು ಚಿಕಿತ್ಸೆ ಪಡೆಯಬೇಕು, ಮುಂದೆ ಯಾವ ವೈದ್ಯರ ಬಳಿ ಹೋದರೂ ಆ ಹೆಸರು ಹೇಳಬೇಕು.

ಜ್ವರ ಬಿಟ್ಟ ಮೂರನೇ ದಿನಕ್ಕೇ ಮಾತ್ರೆ ಬಿಡುವವರಿಗೆ ಇಷ್ಟು ಹೇಳಬೇಕು: ಈ ಮದ್ದು ಮುಖ್ಯವಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಹಿಡಿಯುತ್ತದೆ, ಹಿಡಿದದ್ದನ್ನು ಮುಗಿಸುವುದು ದೇಹದ ರೋಗನಿರೋಧಕ ಶಕ್ತಿ. ಬೇಗ ಬಿಟ್ಟರೆ ಸ್ಕ್ರಬ್ ಟೈಫಸ್ ಮರುಕಳಿಸಬಹುದು. ಹಸಿ ಹಾಲು, ದನಕರುಗಳ ಹೆರಿಗೆಯ ಸಂಪರ್ಕದಿಂದ ಬರುವ ಬ್ರುಸೆಲ್ಲೋಸಿಸ್‌ಗೆ ಇದೇ ಮದ್ದನ್ನು ರಿಫಾಂಪಿಸಿನ್‌ನಂತಹ ಇನ್ನೊಂದು ಮದ್ದಿನ ಜೊತೆ ಆರು ವಾರ ಕೊಡುತ್ತಾರೆ. ಅಲ್ಲಿ ಎರಡೇ ವಾರಕ್ಕೆ ಬಿಟ್ಟವರಿಗೆ ಬೆನ್ನುನೋವು, ಜ್ವರ ಮತ್ತೆ ಬರುವುದು ಸಾಮಾನ್ಯ. ಅವಧಿ ರೋಗಕ್ಕೆ ತಕ್ಕಂತೆ ಬೇರೆಯಾಗುತ್ತದೆ, ಆದ್ದರಿಂದ ಪಕ್ಕದ ಮನೆಯವರ ಲೆಕ್ಕ ನಮಗೆ ಹೊಂದುವುದಿಲ್ಲ. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ, ಎರಡನ್ನು ಒಟ್ಟಿಗೆ ಬೇಡ. ಎರಡು ಆಸ್ಪತ್ರೆ ಅಲೆದವರು ಎರಡೂ ಸ್ಟ್ರಿಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲ್ಯಾಕ್ಟೋಬ್ಯಾಸಿಲಸ್ ಸೇರಿಸಿದ ಕ್ಯಾಪ್ಸೂಲ್‌ಗೆ ಕಂಪನಿಯ ಹೆಸರು ಬೇರೆ, ಬಣ್ಣ ಬೇರೆ ಇದ್ದರೂ ಒಳಗಿರುವುದು ಅದೇ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ತಿಳಿಯದೆ ಎರಡನ್ನೂ ನುಂಗುವವರಿದ್ದಾರೆ.

ಯಾರು ನುಂಗುವ ಮೊದಲು ಬಾಯಿಬಿಟ್ಟು ಹೇಳಲೇಬೇಕು? ಗರ್ಭಿಣಿಯರು, ಗರ್ಭ ನಿಂತಿರಬಹುದೆಂಬ ಅನುಮಾನ ಇರುವವರು. ಟೆಟ್ರಾಸೈಕ್ಲಿನ್ ವಂಶ ಮಗುವಿನ ಬೆಳೆಯುವ ಹಲ್ಲು, ಮೂಳೆಯ ಕ್ಯಾಲ್ಸಿಯಂಗೂ ಕಚ್ಚಿಕೊಳ್ಳುತ್ತದೆ. ಗರ್ಭಿಣಿಗೆ ಸ್ಕ್ರಬ್ ಟೈಫಸ್ ಆದರೆ ಅಜಿತ್ರೊಮೈಸಿನ್ ಇದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಇದನ್ನು ಸುಮ್ಮನೆ ಕೊಡುವುದಿಲ್ಲ. ಆದರೆ ಸ್ಕ್ರಬ್ ಟೈಫಸ್‌ನಂತಹ ಜೀವಕ್ಕೆ ಎರವಾಗುವ ರೋಗದಲ್ಲಿ ಮಕ್ಕಳ ತಜ್ಞರು ತೂಕ ನೋಡಿ ಕೆಲವು ದಿನ ಕೊಟ್ಟರೆ ‘ಹಲ್ಲು ಹಳದಿಯಾಗುತ್ತದಂತೆ’ ಎಂದು ತಂದೆತಾಯಿ ತಡೆಯಬಾರದು. ಹಳೆಯ ಟೆಟ್ರಾಸೈಕ್ಲಿನ್‌ನಷ್ಟು ಇದು ಹಲ್ಲಿಗೆ ಅಂಟುವುದಿಲ್ಲ, ಕಡಿಮೆ ದಿನದ ಬಳಕೆಯಲ್ಲಿ ಕಲೆಯಾದ ಪುರಾವೆಯೂ ಕಂಡಿಲ್ಲ. ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೊಬಾರ್ಬಿಟಾಲ್ ನುಂಗುವವರಲ್ಲಿ ಡಾಕ್ಸಿಸೈಕ್ಲಿನ್ ಬೇಗ ಕರಗಿಹೋಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮೊಡವೆಗೆಂದು ಐಸೊಟ್ರೆಟಿನಾಯಿನ್ ನುಂಗುವ ಯುವತಿಯರು ಇದನ್ನು ಜೊತೆಗೆ ಸೇರಿಸಲೇಬಾರದು. ಎರಡೂ ಸೇರಿ ಮಿದುಳಿನ ಸುತ್ತಲ ದ್ರವದ ಒತ್ತಡ ಏರಿಸುತ್ತವೆ. ಬಿಡದ ತಲೆನೋವು, ಮಂಜಾದ ಅಥವಾ ಎರಡೆರಡಾಗಿ ಕಾಣುವ ದೃಷ್ಟಿ ಅದರ ಗುರುತು. ತಡಮಾಡಿದರೆ ಕಣ್ಣಿಗೇ ಕುತ್ತು. ಕಿಡ್ನಿ ತೊಂದರೆ ಇರುವವರಿಗೆ ಈ ಮದ್ದು ಹೆದರಿಕೆಯದ್ದಲ್ಲ, ಸಾಮಾನ್ಯವಾಗಿ ಪ್ರಮಾಣ ಇಳಿಸಬೇಕಾಗುವುದಿಲ್ಲ.

ಇಷ್ಟರ ನಡುವೆ ಒಂದು ಇತಿಹಾಸದ ಮಾತು. ಈ ವಂಶದ ಮೊದಲ ಮದ್ದು ಆರಿಯೋಮೈಸಿನ್ 1948ರಲ್ಲಿ ಹೊರಬಂತು. ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಪಡೆದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆಗ ಸಂಶೋಧನೆಯ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಗದ್ದೆಯ ಜ್ವರಕ್ಕೆ ಇಂದು ಆಸರೆಯಾಗಿರುವ ಮದ್ದಿನ ಬೇರಿನಲ್ಲಿ ಅವರ ಶ್ರಮವಿದೆ ಎಂಬುದು ಶಾಲೆಯ ಮಕ್ಕಳಿಗೂ ತಿಳಿಯಬೇಕು.

ವಾರಕ್ಕೊಮ್ಮೆಯ ಮುಂಜಾಗ್ರತೆ ಮಾತ್ರೆಯ ಬಗ್ಗೆ. ಪ್ರಮಾಣ 200 ಮಿ.ಗ್ರಾಂ., ಅಂದರೆ 100ರ ಎರಡು ಮಾತ್ರೆ, ವಾರಕ್ಕೆ ಒಂದೇ ಸಲ. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋಗಿದ್ದ ಅಮೆರಿಕದ ಸೈನಿಕರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಇಲಿ ಜ್ವರವನ್ನು ಚೆನ್ನಾಗಿ ತಡೆಯಿತು. ಅವರು ಕೆಲವೇ ವಾರ ಆ ನೀರಿನಲ್ಲಿದ್ದವರು. ವರ್ಷವಿಡೀ ರೋಗ ಇರುವ ಅಂಡಮಾನ್‌ನಲ್ಲಿ ನಮ್ಮ ವಿಜ್ಞಾನಿಗಳು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕು ತಗಲುವುದು ನಿಲ್ಲಲಿಲ್ಲ, ಕಾಯಿಲೆ ಬೀಳುವುದು ಕಡಿಮೆಯಾಯಿತು. ಹಾಗಾಗಿ ಮಾತ್ರೆ ನುಂಗಿದವರಿಗೂ ಇಲಿ ಜ್ವರ ಬರಬಹುದು. ಜ್ವರ ಬಂದರೆ ‘ನಾನು ವಾರದ ಮಾತ್ರೆ ನುಂಗಿದ್ದೇನೆ’ ಎಂದು ಧೈರ್ಯವಾಗಿ ಕೂರದೆ, ಅದನ್ನೇ ವೈದ್ಯರಿಗೆ ಹೇಳಬೇಕು. ಕೇಂದ್ರದ ಮಾರ್ಗಸೂಚಿ ರೋಗ ಕಾಣಿಸಿಕೊಂಡ ಊರುಗಳ ಕೃಷಿ ಕಾರ್ಮಿಕರಂಥವರಿಗೆ, ಅದೂ ಆರು ವಾರಕ್ಕೆ ಮೀರದಂತೆ ಇದನ್ನು ಹೇಳುತ್ತದೆ. ಮನೆಯಂಗಳದಲ್ಲಿ ನಡೆದಾಡುವವರಿಗೆ, ಕಚೇರಿಗೆ ಹೋಗಿಬರುವವರಿಗೆ ಇದು ಬೇಡ. ಸುಮ್ಮನೆ ನುಂಗಿದಷ್ಟೂ ನಮ್ಮ ಕರುಳು, ಚರ್ಮದಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಈ ಮದ್ದಿಗೆ ಪಳಗುತ್ತವೆ. ಗಂಬೂಟು, ಕೈಗವಸು, ಕಾಲಿನ ಗಾಯಕ್ಕೆ ನೀರಿಳಿಯದ ಪಟ್ಟಿ ಇಲ್ಲದೆ ಬರೀ ಮಾತ್ರೆ ಕೊಟ್ಟು ಪೌರಕಾರ್ಮಿಕರನ್ನು ಚರಂಡಿಗೆ ಇಳಿಸುವುದನ್ನು ನಾವು ಒಪ್ಪುವುದಿಲ್ಲ.

ಮಳೆಗಾಲದ ತೇವದಲ್ಲಿ ಸ್ಟ್ರಿಪ್ ಅನ್ನು ಅಡುಗೆಮನೆಯ ಕಿಟಕಿಯಲ್ಲಿ, ಬಚ್ಚಲಿನ ಗೂಡಿನಲ್ಲಿ ಇಡಬಾರದು. ಬೆಳಕು ಬೀಳದ ಒಣ ಡಬ್ಬಿಯಲ್ಲಿರಲಿ. ಅವಧಿ ಮುಗಿದದ್ದನ್ನು ನುಂಗಬೇಡಿ. ಕೆಟ್ಟುಹೋದ ಹಳೆಯ ಟೆಟ್ರಾಸೈಕ್ಲಿನ್ ನುಂಗಿ ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂದು. 2016ರಿಂದ ಕೇಂದ್ರ ಸರ್ಕಾರ ಇದರ ಪ್ರಚಾರ ಮಾಡುತ್ತಿದೆ, ಅಂಗಡಿಯ ಕೌಂಟರಿನಲ್ಲಿ ಮಾತ್ರ ಇನ್ನೂ ಪಾಲನೆಯಾಗಿಲ್ಲ.

ಕೊನೆಗೆ ಆರೋಗ್ಯ ಇಲಾಖೆಗೆ, ಪಂಚಾಯಿತಿ ಮತ್ತು ನಗರಸಭೆಗಳಿಗೆ ನಮ್ಮ ಕೋರಿಕೆ. ವಾರದ ಮಾತ್ರೆಯನ್ನು ಬೆಳಿಗ್ಗೆ ಹಾಜರಿ ಹಾಕುವಾಗ, ಖಾಲಿ ಹೊಟ್ಟೆಯಲ್ಲಿರುವವರ ಅಂಗೈಗೆ ಹಾಕಿ ಕಳುಹಿಸಬೇಡಿ. ಕೆಲಸದ ಜಾಗದಲ್ಲೇ, ಮಧ್ಯಾಹ್ನದ ಊಟವಾದ ಮೇಲೆ, ಕುಡಿಯುವ ನೀರಿನ ಕ್ಯಾನು ಮತ್ತು ಲೋಟ ಇಟ್ಟುಕೊಂಡು, ಎದುರಿಗೇ ನುಂಗಿಸಿ. ಕೊಡುವ ಮುನ್ನ ಆಶಾ ಕಾರ್ಯಕರ್ತೆಯರು ಮಹಿಳೆಯರನ್ನು ಪಕ್ಕಕ್ಕೆ ಕರೆದು ಗರ್ಭದ ಬಗ್ಗೆ, ಎಲ್ಲರನ್ನೂ ಅಲರ್ಜಿ ಮತ್ತು ನಿತ್ಯದ ಮಾತ್ರೆಗಳ ಬಗ್ಗೆ ವಿಚಾರಿಸಲಿ. ವಾರದ ಒಂದು ದಿನ ಗೊತ್ತುಮಾಡಿ, ಎಷ್ಟನೇ ವಾರವೆಂದು ಕಾರ್ಡಿನಲ್ಲಿ ಗುರುತು ಹಾಕಿ, ಆರಕ್ಕೆ ನಿಲ್ಲಿಸಿ. ಔಷಧ ಅಂಗಡಿಯವರು ಡಾಕ್ಸಿಸೈಕ್ಲಿನ್ ಹಾಕಿ ಕೊಡುವ ಕಾಗದದ ಕವರಿನ ಮೇಲೆ ‘ಊಟದ ನಂತರ, ಒಂದು ಲೋಟ ನೀರು, ಅರ್ಧ ಗಂಟೆ ಮಲಗಬೇಡಿ, ಕಬ್ಬಿಣ–ಕ್ಯಾಲ್ಸಿಯಂ ಜೊತೆ ಬೇಡ’ ಎಂಬಷ್ಟು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಓದು ಬಾರದವರಿಗೆ ಕೊಡುವಾಗ ಬಾಯಲ್ಲಿ ಹೇಳಿ, ಅವರಿಂದ ಒಮ್ಮೆ ತಿರುಗಿ ಹೇಳಿಸಲಿ.

ಇತಿ,
ಕರಾವಳಿ ಮತ್ತು ಮಲೆನಾಡಿನಲ್ಲಿ ಕೆಲಸ ಮಾಡುವ ಕೆಲವು ವೈದ್ಯರು ಹಾಗೂ ಫಾರ್ಮಸಿಸ್ಟರು